ಹೊಳೆಯ ರೀವ

ಚೈತ್ರದ ಬಿಸಿಲು ಏರಿದಂತೆ ಕಲಾದಗಿಯ ಬಳಿ ಘಟಪ್ರಭಾ ನದಿ ಸೊರಗತೊಡಗುತ್ತದೆ. ಮಳೆಗಾಲದಲ್ಲಿ ಕೆನ್ನೀರು ತುಂಬಿಕೊಂಡು ದಡದಿಂದ ದಡಕ್ಕೆ ಹರಿದ ಹೊಳೆ ಈಗ ನಡುವೆ ತೆಳುವಾದ ಹರಿವಾಗಿ, ಅಲ್ಲಲ್ಲಿ ಮಡುವಾಗಿ ಉಳಿಯುತ್ತದೆ. ನೀರು ಹಿಂದೆ ಸರಿದ ಕಡೆಗಳಲ್ಲಿ ಮರಳಿನ ದಿಣ್ಣೆಗಳೂ ಕಲ್ಲುಹಾಸುಗಳೂ ತಲೆ ಎತ್ತುತ್ತವೆ. ಅಂತಹ ಒಂದು ಮಡುವಿನ ಮೇಲೆ ಬೆಳ್ಳಗಿನ ಹಕ್ಕಿಯೊಂದು ನಿಧಾನವಾಗಿ ರೆಕ್ಕೆ ಬಡಿಯುತ್ತ ಹೊಳೆಯುದ್ದಕ್ಕೂ ಸಾಗುತ್ತಿರುತ್ತದೆ. ಅದರ ಕೊಕ್ಕು ಮುಂದಕ್ಕೆ ಚಾಚಿರುವುದಿಲ್ಲ. ನೀರಿನ ಕಡೆಗೆ ಬಾಗಿರುತ್ತದೆ. ಇದ್ದಕ್ಕಿದ್ದಂತೆ ಅದು ಗಾಳಿಯಲ್ಲಿ ಒಂದು ಕ್ಷಣ ತಡೆದು ನಿಂತು, ರೆಕ್ಕೆಗಳನ್ನು ಮಡಿಸಿ ಕಲ್ಲಿನಂತೆ ನೀರಿಗೆ ಬೀಳುತ್ತದೆ. ಮರುಕ್ಷಣದಲ್ಲಿ ಮೇಲೆದ್ದಾಗ ಅದರ ಹಳದಿ ಕೊಕ್ಕಿನಲ್ಲಿ ಬೆಳ್ಳಿಯ ತುಣುಕಿನಂತೆ ಮೀನೊಂದು ಮಿನುಗುತ್ತಿರುತ್ತದೆ. ಇದೇ ನದಿ ರೀವ. ಇಂಗ್ಲಿಷಿನಲ್ಲಿ ಇದನ್ನು ರಿವರ್ ಟರ್ನ್ ಎಂದು ಕರೆಯುತ್ತಾರೆ.

ರೀವಗಳ ವಂಶ ಮುಖ್ಯವಾಗಿ ಕಡಲಿನದು. ಕಡಲಹಕ್ಕಿಗಳಾದ ಗಲ್‌ಗಳಿಗೂ ಇವಕ್ಕೂ ಹತ್ತಿರದ ಸಂಬಂಧ. ಅರಬ್ಬೀ ಸಮುದ್ರದಲ್ಲಿ ವೆಂಗುರ್ಲೆಯ ಬಂಡೆಗಳ ಮೇಲೆ, ಲಕ್ಷದ್ವೀಪದ ಪಿಟ್ಟಿ ಎಂಬ ನಿರ್ಜನ ದ್ವೀಪದ ಮೇಲೆ ಈ ವಂಶದ ಹಲವು ಜಾತಿಯ ಹಕ್ಕಿಗಳು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಉತ್ತರ ಧ್ರುವದ ಸಮೀಪದಲ್ಲಿ ಮರಿ ಮಾಡಿ, ಚಳಿಗಾಲವನ್ನು ಕಳೆಯಲು ದಕ್ಷಿಣ ಧ್ರುವದ ಕಡಲಿನವರೆಗೆ ಹಾರಿಹೋಗುವ ರೀವವೂ ಒಂದುಂಟು. ಅಂತಹ ವಂಶದಲ್ಲಿ ಹುಟ್ಟಿದ್ದರೂ ನದಿ ರೀವ ಕಡಲನ್ನು ನೆಚ್ಚಿಕೊಂಡದ್ದಲ್ಲ. ಸಮುದ್ರದಿಂದ ನೂರಾರು ಮೈಲಿ ದೂರದ ಬಯಲುನಾಡಿನಲ್ಲಿ ಹೊಳೆ, ಕೆರೆ, ಜಲಾಶಯಗಳನ್ನೇ ಅದು ತನ್ನ ಕಡಲಾಗಿ ಮಾಡಿಕೊಂಡಿದೆ. ಕಡಲತೀರವನ್ನು ಎಂದೂ ಕಾಣದ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಮಕ್ಕಳಿಗೆ ಕಡಲಹಕ್ಕಿಗಳ ಬದುಕನ್ನು ಮನೆಯ ಬಾಗಿಲಿನಲ್ಲಿಯೇ ತೋರಿಸುವ ಹಕ್ಕಿ ಇದು.

ನದಿ ರೀವ ಸುಮಾರು 40 ಸೆಂಟಿಮೀಟರು ಉದ್ದವಿದೆ. ಬೆನ್ನು ಮತ್ತು ರೆಕ್ಕೆಗಳು ಬೂದು ಬಣ್ಣದವು, ಹೊಟ್ಟೆ ಬಿಳುಪು. ಉದ್ದವಾದ ಬಾಲ ಕತ್ತರಿಯಂತೆ ಎರಡಾಗಿ ಸೀಳಿರುತ್ತದೆ. ಮರಿ ಮಾಡುವ ಕಾಲದಲ್ಲಿ ತಲೆಯ ಮೇಲೆ ಕಪ್ಪು ಟೊಪ್ಪಿಗೆ ಇಟ್ಟಂತೆ ಕಾಣುತ್ತದೆ. ಹೊಂಬಣ್ಣದ ಕೊಕ್ಕು, ಕೆಂಪು ಕಾಲುಗಳು ಅದರ ಸೊಬಗನ್ನು ಹೆಚ್ಚಿಸುತ್ತವೆ. ಚಿಕ್ಕ ಮೀನು, ಸಿಗಡಿ, ಗೊದಮೊಟ್ಟೆ, ನೀರಿನ ಹುಳುಗಳು ಇದರ ಆಹಾರ. ಪಾಕಿಸ್ತಾನದಿಂದ ಆಗ್ನೇಯ ಏಷ್ಯದ ಮೆಕಾಂಗ್ ನದಿಯವರೆಗೆ ಹಬ್ಬಿದ್ದ ಈ ಹಕ್ಕಿಗೆ ಇಂದು ಭಾರತವೇ ಮುಖ್ಯ ನೆಲೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ತುಂಗಭದ್ರೆ, ಕಾವೇರಿಗಳ ಮೇಲೆ ಹಾರಾಡುವ ಈ ಹಕ್ಕಿಯನ್ನು ಕಂಡವರು ಅದು ಅಪಾಯದಲ್ಲಿದೆ ಎಂದರೆ ನಂಬುವುದು ಕಷ್ಟ. ಆದರೆ ಅದರ ಸಂಸಾರದ ರೀತಿಯನ್ನು ತಿಳಿದಾಗ ಆ ಮಾತಿನ ನಿಜ ಮನವರಿಕೆಯಾಗುತ್ತದೆ.

ಮಾಘ ಫಾಲ್ಗುಣಗಳಲ್ಲಿ ಗಂಡುಹಕ್ಕಿ ಮೀನನ್ನು ಕಚ್ಚಿತಂದು ಹೆಣ್ಣಿಗೆ ಉಣಿಸುತ್ತದೆ. ಜೊತೆ ಕೂಡಿದ ಮೇಲೆ ಅವು ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಗೀಜಗ ನೇಯುವ ಗೂಡಿನ ಚಾತುರ್ಯವಾಗಲಿ, ಕಾಗೆಯು ಕಡ್ಡಿಗಳನ್ನು ಕೂಡಿಸುವ ಶ್ರಮವಾಗಲಿ ಇಲ್ಲಿಲ್ಲ. ನೀರಿನ ನಡುವೆ ಎದ್ದ ಮರಳದಿಣ್ಣೆಯ ಮೇಲೋ ಕಲ್ಲುಚೂರುಗಳ ನಡುಗಡ್ಡೆಯ ಮೇಲೋ ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ ಒಂದು ಸಣ್ಣ ಕುಳಿಯನ್ನು ಮಾಡುತ್ತವೆ. ಅದರಲ್ಲಿ ಎರಡು ಅಥವಾ ಮೂರು ಮೊಟ್ಟೆಗಳನ್ನಿಡುತ್ತವೆ. ಮಣ್ಣು ಬಣ್ಣದ ಮೇಲೆ ಕಂದು ಮಚ್ಚೆಗಳಿರುವ ಆ ಮೊಟ್ಟೆಗಳು ಬೆಣಚುಕಲ್ಲುಗಳಲ್ಲಿ ಬೆರೆತುಹೋಗುತ್ತವೆ. ಹತ್ತು ಹೆಜ್ಜೆ ದೂರದಿಂದ ನೋಡಿದವನಿಗೆ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಈ ಮರೆಯೇ ಮೊಟ್ಟೆಗಳಿಗೆ ಕಾವಲು. ಸುತ್ತಲೂ ನಿಂತ ನೀರು ಎರಡನೆಯ ಕಾವಲು; ಅದನ್ನು ದಾಟಿ ನರಿಯಾಗಲಿ ನಾಯಿಯಾಗಲಿ ಸುಲಭವಾಗಿ ಬಾರದು. ಗುಂಪಾಗಿ ವಾಸಿಸುವುದು ಮೂರನೆಯ ಕಾವಲು. ಕಾಗೆಯೋ ಹದ್ದೋ ಸಮೀಪಿಸಿದರೆ ಹತ್ತಾರು ರೀವಗಳು ಒಟ್ಟಿಗೆ ಎದ್ದು ಕೂಗುತ್ತ ಮೇಲೆರಗಿ ಅದನ್ನು ಅಟ್ಟಿಬಿಡುತ್ತವೆ.

ಇನ್ನು ಕಾವು ಕೊಡುವ ಕೆಲಸ. ಕೋಳಿಯ ಮೊಟ್ಟೆ ಮರಿಯಾಗಲು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ನೆರಳಿನ ಗಾಳಿಯೇ 40 ಡಿಗ್ರಿಯನ್ನು ಮುಟ್ಟುವಾಗ, ನೆರಳಿಲ್ಲದ ಮರಳಿನ ಬಿಸಿಯನ್ನು ಹೇಳಬೇಕಾದುದಿಲ್ಲ. ಬರಿಗಾಲಿನಿಂದ ಅದರ ಮೇಲೆ ನಿಲ್ಲಲಾಗದು. ಆದುದರಿಂದ ಹಗಲಿನಲ್ಲಿ ರೀವಕ್ಕೆ ಮೊಟ್ಟೆಗಳನ್ನು ಬೆಚ್ಚಗಿಡುವ ಚಿಂತೆಯಲ್ಲ, ತಣ್ಣಗಿಡುವ ಚಿಂತೆ. ತಾಯಿಯೋ ತಂದೆಯೋ ಮೊಟ್ಟೆಗಳ ಮೇಲೆ ನಿಂತು ತನ್ನ ಮೈಯ ನೆರಳನ್ನು ಹಿಡಿಯುತ್ತದೆ. ಬಿಸಿಲು ಅತಿಯಾದಾಗ ನೀರಿಗೆ ಹಾರಿಹೋಗಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ಹಸಿಯಿಂದ ಮೊಟ್ಟೆಗಳನ್ನು ತಂಪುಗೊಳಿಸುತ್ತದೆ. ಒಂದು ದಿನವಲ್ಲ, ಎರಡು ದಿನವಲ್ಲ. ಸುಮಾರು ಮೂರು ವಾರ ಗಂಡುಹೆಣ್ಣುಗಳು ಸರದಿಯಂತೆ ಈ ವ್ರತವನ್ನು ನಡೆಸುತ್ತವೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮರಳದಿಣ್ಣೆಯ ಬಳಿಗೆ ಬಂದ ಮನುಷ್ಯನು ಮೊಟ್ಟೆಯನ್ನು ಮುಟ್ಟಬೇಕಾಗಿಲ್ಲ, ಕಲ್ಲನ್ನು ಎಸೆಯಬೇಕಾಗಿಲ್ಲ. ಅವನು ಅಲ್ಲಿ ಸುಮ್ಮನೆ ನಿಂತರೂ ಸಾಕು. ಬೆದರಿದ ಹಕ್ಕಿಗಳೆಲ್ಲ ಮೇಲೆದ್ದು ಅವನ ತಲೆಯ ಸುತ್ತ ಕೂಗುತ್ತ ಹಾರುತ್ತವೆ. ಅವನು ಆ ನೋಟವನ್ನು ಕಂಡು ಹಿಗ್ಗುತ್ತಿರುವಾಗಲೇ ಅವನ ಕಾಲ ಬಳಿಯ ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರುತ್ತವೆ. ಅರಿಯದೆ ಮಾಡಿದ ಈ ಕೇಡು ಅರಿತು ಮಾಡಿದ ಬೇಟೆಗಿಂತ ಕಡಮೆಯದಲ್ಲ.

ಮೊಟ್ಟೆಯೊಡೆದು ಬಂದ ಮರಿಗೆ ಮರಳಿನ ಬಣ್ಣದ ನವಿರು ತುಪ್ಪಳವಿರುತ್ತದೆ. ತಂದೆತಾಯಿಗಳ ಎಚ್ಚರಿಕೆಯ ಕೂಗು ಕೇಳಿದೊಡನೆ ಅದು ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಮಲಗುತ್ತದೆ. ಹಾರಲು ಕಲಿಯುವುದಕ್ಕೆ ಇನ್ನೂ ಸುಮಾರು ನಾಲ್ಕು ವಾರ ಬೇಕು. ಹೀಗೆ ಮೊದಲ ಮೊಟ್ಟೆಯಿಂದ ಮರಿಯ ಮೊದಲ ಹಾರಾಟದವರೆಗೆ ಸುಮಾರು ಏಳು ವಾರಗಳ ಕಾಲ ಒಂದು ತುಂಡು ಮರಳು ನೆಮ್ಮದಿಯಾಗಿರಬೇಕು. ಸಾವಿರಾರು ವರ್ಷಗಳಿಂದ ಹೊಳೆಗಳು ಈ ಕರಾರನ್ನು ಬಹುಮಟ್ಟಿಗೆ ಪಾಲಿಸಿಕೊಂಡು ಬಂದವು. ಹಿಂಗಾರು ಕಳೆದ ಮೇಲೆ ನೀರು ದಿನದಿನಕ್ಕೆ ಇಳಿಯುವುದು, ಮುಂಗಾರು ಬಂದಾಗಲೇ ಏರುವುದು ಹೊಳೆಯ ಕ್ರಮವಾಗಿತ್ತು. ಇಳಿಯುವ ನೀರನ್ನು ನಂಬಿ ರೀವ ಮೊಟ್ಟೆಯಿಟ್ಟಿತು.

ಈ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಬದಲಾಯಿತು. ಬರಗಾಲದಿಂದ ನೊಂದ ನಾಡಿಗೆ ನೀರು ಬೇಕಾಗಿತ್ತು. ಘಟಪ್ರಭೆಗೆ ಹಿಡಕಲ್ಲಿನಲ್ಲಿ, ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟುಗಳಾದವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಬೇಕಾದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 2005ರಲ್ಲಿ ಅದು ಪೂರ್ಣಗೊಂಡಿತು. ಒಣನೆಲಕ್ಕೆ ನೀರು ಹರಿಯಿತು, ಬೆಳಕು ಬಂದಿತು. ಅದಕ್ಕಾಗಿ ಈ ಸೀಮೆಯ ಜನ ತೆತ್ತ ಬೆಲೆ ಸಣ್ಣದಲ್ಲ. ಅನೇಕ ಹಳ್ಳಿಗಳೂ ಬಾಗಲಕೋಟೆಯ ಹಳೆಯ ಊರಿನ ಭಾಗವೂ ಹಿನ್ನೀರಿನಲ್ಲಿ ಮುಳುಗಿದವು. ಅಜ್ಜಮುತ್ತಜ್ಜರ ಮನೆ, ಹೊಲ, ಗುಡಿಗಳನ್ನು ಬಿಟ್ಟು ಜನರು ನವನಗರಕ್ಕೂ ಪುನರ್ವಸತಿಯ ಊರುಗಳಿಗೂ ಹೋಗಿ ಹೊಸದಾಗಿ ಬಾಳಬೇಕಾಯಿತು. ನೀರು ಏರಿ ಮನೆಯ ಹೊಸ್ತಿಲನ್ನು ಮುಟ್ಟುವುದೆಂದರೇನು ಎಂಬುದನ್ನು ಈ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮನುಷ್ಯರಿಗೆ ಮುಂಚಿತವಾಗಿ ಸೂಚನೆ ಬಂದಿತು, ಪರಿಹಾರ ದೊರೆಯಿತು, ಬೇರೊಂದು ನೆಲೆ ಸಿಕ್ಕಿತು. ಮರಳಿನ ಮೇಲೆ ಮನೆ ಮಾಡಿದ ಹಕ್ಕಿಗೆ ಸೂಚನೆಯನ್ನು ಕೊಡುವವರಿಲ್ಲ.

ಜಲಾಶಯಗಳಿಂದ ರೀವಕ್ಕೆ ಕೇಡೇ ಆಯಿತೆಂದು ಹೇಳುವುದು ಸರಿಯಲ್ಲ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಸುತ್ತಲಿನ ವಿಶಾಲವಾದ ಹಿನ್ನೀರಿನಲ್ಲಿ ಮೀನು ಹೇರಳವಾಗಿದೆ. ಚಳಿಗಾಲದಲ್ಲಿ ರಾಜಹಂಸಗಳೂ ದೂರದೇಶದ ಕೊಕ್ಕರೆಗಳೂ ಅಲ್ಲಿಗೆ ಬರುತ್ತವೆ. ಭದ್ರಾ ಜಲಾಶಯದ ಕಥೆ ಇನ್ನೂ ಸೊಗಸಾದುದು. ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ಮುಳುಗಿದ ಗುಡ್ಡಗಳ ನೆತ್ತಿಗಳು, ಬೇಸಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳಾಗುತ್ತವೆ. ಅವುಗಳ ಮೇಲೆ ಪ್ರತಿವರ್ಷವೂ ಸಾವಿರಾರು ನದಿ ರೀವಗಳು ನೆರೆದು ಮರಿ ಮಾಡುತ್ತವೆ. ಕಾವೇರಿಯ ರಂಗನತಿಟ್ಟಿನಲ್ಲಿಯೂ ಅವು ಬಂಡೆಗಳ ಮೇಲೆ ಮೊಟ್ಟೆಯಿಡುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಆ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಘೋಷಿಸಿತು. ಮನುಷ್ಯ ಕಟ್ಟಿದ ಜಲಾಶಯವೂ ಹಕ್ಕಿಗೆ ತೊಟ್ಟಿಲಾಗಬಲ್ಲುದೆಂಬುದಕ್ಕೆ ಇವು ಸಾಕ್ಷಿ.

ಹಾಗಾದರೆ ಅಪಾಯವಿರುವುದೆಲ್ಲಿ? ನೀರು ಏರುವ ಇಳಿಯುವ ಕಾಲವನ್ನು ಈಗ ಮಳೆಯೊಂದೇ ನಿರ್ಣಯಿಸುವುದಿಲ್ಲ. ಅಣೆಕಟ್ಟಿನ ಬಾಗಿಲುಗಳೂ ನಿರ್ಣಯಿಸುತ್ತವೆ. ಕಡುಬೇಸಗೆಯಲ್ಲಿ ಊರುಗಳ ಬಾವಿಗಳು ಬತ್ತಿದಾಗ, ಕುಡಿಯುವ ನೀರಿಗಾಗಿ ಮೇಲಿನ ಜಲಾಶಯಗಳಿಂದ ಹೊಳೆಗೆ ನೀರನ್ನು ಬಿಡುವುದುಂಟು. ಬಾಯಾರಿದ ಜನಕ್ಕೂ ದನಕ್ಕೂ ಅದು ಜೀವಜಲ. ಅದನ್ನು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ರಾತ್ರಿ ಬೆಳಗಾಗುವುದರೊಳಗೆ ಒಂದು ಮೊಳ ಏರಿದ ನೀರು ತಗ್ಗಾದ ಮರಳದಿಣ್ಣೆಯೊಂದರ ಎಲ್ಲ ಗೂಡುಗಳನ್ನೂ ತೊಳೆದುಬಿಡಬಲ್ಲುದು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ನೀರು ಅತಿಯಾಗಿ ಇಳಿದರೆ ನಡುಗಡ್ಡೆ ದಡದೊಡನೆ ಕೂಡಿಕೊಳ್ಳುತ್ತದೆ. ಆಗ ನಾಯಿ ನರಿಗಳಿಗೆ ದಾರಿ ತೆರೆಯುತ್ತದೆ. ದನಕುರಿಗಳ ಗೊರಸಿನ ಕೆಳಗೆ ಮೊಟ್ಟೆಗಳು ಪುಡಿಯಾಗುತ್ತವೆ.

ಮರಳೇ ಇಲ್ಲವಾಗುತ್ತಿರುವುದು ಮತ್ತೊಂದು ತೊಂದರೆ. ಹೊಳೆ ಬೆಟ್ಟಗಳಿಂದ ತರುವ ಮರಳಿನ ಬಹುಭಾಗ ಅಣೆಕಟ್ಟಿನ ಹಿಂದೆಯೇ ತಂಗುತ್ತದೆ. ಕೆಳಗಿನ ಹೊಳೆಗೆ ಹೊಸ ಮರಳು ಸಾಲದು. ಇದ್ದ ಮರಳನ್ನು ಕಟ್ಟಡಗಳಿಗಾಗಿ ತೋಡಿ ಸಾಗಿಸಲಾಗುತ್ತದೆ. ಹೊಳೆ ನೂರು ವರ್ಷ ಕೂಡಿಟ್ಟುದನ್ನು ಯಂತ್ರವು ಕೆಲವು ದಿನಗಳಲ್ಲಿ ಬರಿದು ಮಾಡುತ್ತದೆ. ನೀರು ಸರಿದ ನೆಲದಲ್ಲಿ ಕಲ್ಲಂಗಡಿ, ಸೌತೆಗಳ ಬೆಳೆ, ಮೀನುಗಾರರ ಬಿಡಾರ, ಮೊಟ್ಟೆಗಳನ್ನು ಆರಿಸುವವರ ಕೈ, ವಿಹಾರಕ್ಕೆ ಬಂದವರ ದೋಣಿ, ಇವೆಲ್ಲವೂ ಅದೇ ಎರಡು ಮೂರು ತಿಂಗಳಲ್ಲಿ ಅದೇ ಮರಳಿಗೆ ಬರುತ್ತವೆ. ಇವರಲ್ಲಿ ಹೆಚ್ಚಿನವರು ಹಕ್ಕಿಯ ಹಗೆಗಳಲ್ಲ. ಹೊಟ್ಟೆಯ ಪಾಡಿಗಾಗಿ ಬಂದವರು. ಅಲ್ಲಿ ಗೂಡಿದೆ ಎಂಬುದೇ ಅನೇಕರಿಗೆ ತಿಳಿಯದು.

ಗೂಡು ಕೆಟ್ಟ ರೀವಗಳು ಮತ್ತೊಮ್ಮೆ ಮೊಟ್ಟೆಯಿಡುವುದುಂಟು. ಆದರೆ ತಡವಾಗಿ ಇಟ್ಟ ಮೊಟ್ಟೆಗಳು ಮರಿಗಳಾಗಿ ಹಾರುವ ಮೊದಲೇ ಮುಂಗಾರು ಬಂದು ಹೊಳೆ ತುಂಬುತ್ತದೆ. ಇಲ್ಲಿಯೇ ಒಂದು ಮೋಸ ಅಡಗಿದೆ. ರೀವಗಳು ಹಲವು ವರ್ಷ ಬದುಕುವ ಹಕ್ಕಿಗಳು. ಐದಾರು ವರ್ಷ ಒಂದೂ ಮರಿ ಬದುಕದಿದ್ದರೂ ಹಳೆಯ ಹಕ್ಕಿಗಳು ಹೊಳೆಯ ಮೇಲೆ ಎಂದಿನಂತೆ ಹಾರುತ್ತಲೇ ಇರುತ್ತವೆ. ನೋಡುವವರು ಹಕ್ಕಿ ಇದೆಯೆಂದು ಸಮಾಧಾನಪಡುತ್ತಾರೆ. ಮಕ್ಕಳ ಸದ್ದಿಲ್ಲದ ಊರಿನಲ್ಲಿ ಮುದುಕರು ಮಾತ್ರ ಉಳಿದಂತೆ ಅದು. ಮುಪ್ಪಿನ ಹಕ್ಕಿಗಳು ಒಂದೊಂದಾಗಿ ಇಲ್ಲವಾದಾಗ ಹೊಳೆ ಒಮ್ಮೆಗೇ ಬರಿದಾಗಿ ಕಾಣುತ್ತದೆ. ಹಕ್ಕಿ ಕಣ್ಣಿಗೆ ಬೀಳುವುದು ಒಂದು. ಅದರ ಸಂತತಿ ಮುಂದುವರಿಯುವುದು ಇನ್ನೊಂದು.

ಜೀವಿಗಳ ಇಂತಹ ಸ್ಥಿತಿಗತಿಯನ್ನು ಅಳೆಯಲು ಪ್ರಪಂಚದ ವಿಜ್ಞಾನಿಗಳು ಒಂದು ಏರ್ಪಾಟನ್ನು ಮಾಡಿಕೊಂಡಿದ್ದಾರೆ. 1948ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಿಂದ ‘ಕೆಂಪು ಪಟ್ಟಿ’ಯನ್ನು ಸಿದ್ಧಪಡಿಸುತ್ತ ಬಂದಿದೆ. ಜೀವಜಾತಿಯ ಸಂಖ್ಯೆ ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಅದು ಎಷ್ಟು ವೇಗವಾಗಿ ಕುಗ್ಗುತ್ತಿದೆ, ಅದರ ನೆಲೆ ಎಷ್ಟು ಕಿರಿದಾಗುತ್ತಿದೆ ಎಂಬುದನ್ನೂ ಪರಿಶೀಲಿಸಿ ಅದಕ್ಕೊಂದು ವರ್ಗವನ್ನು ಗೊತ್ತುಪಡಿಸುತ್ತಾರೆ. ಮೊದಲು ‘ಅಪಾಯದ ಸಮೀಪ’ದಲ್ಲಿದ್ದ ನದಿ ರೀವವನ್ನು 2020ರಲ್ಲಿ ‘ಅಪಾಯಕ್ಕೆ ಈಡಾಗಬಲ್ಲ’ ಜೀವಿಗಳ ವರ್ಗಕ್ಕೆ ಸೇರಿಸಲಾಯಿತು. ಇದರ ಮುಂದಿನ ಮೆಟ್ಟಿಲುಗಳು ‘ಅಳಿವಿನ ಅಪಾಯ’ ಮತ್ತು ‘ತೀವ್ರ ಅಳಿವಿನ ಅಪಾಯ’. ಆ ಮೆಟ್ಟಿಲುಗಳನ್ನು ಇಳಿದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ವಂಶದ ಕಪ್ಪುಹೊಟ್ಟೆಯ ರೀವವು ಒಂದು ಕಾಲಕ್ಕೆ ನಮ್ಮ ದೇಶದ ಹೊಳೆಗಳಲ್ಲಿ ಸಾಮಾನ್ಯವಾಗಿತ್ತು. ಇಂದು ಅದನ್ನು ಕಾಣುವುದೇ ದುರ್ಲಭ. ಥಾಯ್ಲೆಂಡ್, ಲಾವೋಸ್ ದೇಶಗಳ ನದಿಗಳಿಂದ ನದಿ ರೀವವೂ ಬಹುತೇಕ ಮಾಯವಾಗಿದೆ.

ಆದರೂ ನಿರಾಶೆಗೆ ಕಾರಣವಿಲ್ಲ. ಕಾಂಬೋಡಿಯ ದೇಶದಲ್ಲಿ ಮೆಕಾಂಗ್ ನದಿಯ ಮರಳದಿಣ್ಣೆಗಳಲ್ಲಿ ಉಳಿದ ಕೆಲವೇ ಜೋಡಿಗಳ ಗೂಡುಗಳನ್ನು ಕಾಯುವುದಕ್ಕೆ ನದಿದಂಡೆಯ ಹಳ್ಳಿಗರನ್ನೇ ನೇಮಿಸಿ ಸಂಭಾವನೆ ಕೊಡಲಾಯಿತು. ನಮ್ಮ ದೇಶದ ಚಂಬಲ್ ನದಿಯಲ್ಲಿ ಸ್ಕಿಮ್ಮರ್ ಎಂಬ ಹಕ್ಕಿ ರೀವಗಳ ಜೊತೆಯಲ್ಲಿಯೇ ಮರಳಿನ ಮೇಲೆ ಮೊಟ್ಟೆಯಿಡುತ್ತದೆ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿಯ ಹಳ್ಳಿಗರನ್ನು ‘ಗೂಡಿನ ಕಾವಲುಗಾರ’ರನ್ನಾಗಿ ಮಾಡಿ ನಾಯಿ, ದನ, ಜನ ದಿಣ್ಣೆಗೆ ಬಾರದಂತೆ ನೋಡಿಕೊಂಡರು. ನೆನ್ನೆಯವರೆಗೆ ಹಕ್ಕಿಯನ್ನು ಗಮನಿಸದಿದ್ದವರು ತಮ್ಮ ಹೊಲದ ಪೈರಿನಂತೆ ಅದನ್ನು ಕಾದರು. ಈ ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಕಾಗಲಿಲ್ಲ. ಬೇಕಾದುದು ನಾಲ್ಕು ಜನರ ಕಣ್ಣು ಮತ್ತು ಎರಡು ಮೂರು ತಿಂಗಳ ತಾಳ್ಮೆ.

ಕಾನೂನಿನ ಬೆಂಬಲವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಮಾತಿಗೆ ವಿಶಾಲವಾದ ಅರ್ಥವನ್ನು ಕೊಟ್ಟಿದೆ. ಕಾಡುಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದರ ಮೊಟ್ಟೆಗಳನ್ನು ಕೆಡಿಸುವುದೂ ಗೂಡನ್ನು ಕದಡುವುದೂ ಬೇಟೆಯೇ. ಆದರೆ ಕಾನೂನು ಎಲ್ಲ ಮರಳದಿಣ್ಣೆಗಳ ಮೇಲೆ ನಿಂತು ಕಾಯಲಾರದು. ಯಾವ ದಿಣ್ಣೆಯಲ್ಲಿ ಗೂಡುಗಳಿವೆ ಎಂಬುದನ್ನು ಬಲ್ಲವರು ಹೊಳೆಯ ದಂಡೆಯ ಜನ: ಮೀನುಗಾರರು, ಕುರಿ ಕಾಯುವವರು, ಹೊಲದ ರೈತರು. ಅವರು ಅರಣ್ಯ ಇಲಾಖೆಗೆ ತಿಳಿಸಿದರೆ ಆ ದಿಣ್ಣೆಯನ್ನು ಮರಳು ತೆಗೆಯುವವರಿಂದ ಉಳಿಸಬಹುದು. ನೀರು ಬಿಡುವ ದಿನವನ್ನು ನಿಶ್ಚಯಿಸುವವರಿಗೆ ಗೂಡುಗಳ ಸಂಗತಿ ಮೊದಲೇ ತಿಳಿದಿದ್ದರೆ, ಸಾಧ್ಯವಾದಾಗ ಹಕ್ಕಿಗಳು ಮೊಟ್ಟೆಯಿಡುವುದಕ್ಕೆ ಮುಂಚೆಯೋ ಅಥವಾ ನಿಧಾನವಾಗಿಯೋ ನೀರನ್ನು ಬಿಡಬಹುದು. ಜನರ ಬಾಯಾರಿಕೆ ತೀರಬೇಕು. ಹಕ್ಕಿಯ ಮನೆಯೂ ಉಳಿಯಬೇಕು. ಎರಡನ್ನೂ ಹೊಂದಿಸುವುದು ಕಷ್ಟವಾದರೂ ಅಸಾಧ್ಯವಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಉಂಟು. ಬೇಸಗೆಯ ರಜೆಯಲ್ಲಿ ಹೊಳೆಗೆ ಹೋದವರು ದಡದಲ್ಲಿಯೇ ನಿಂತು ರೀವಗಳನ್ನು ಎಣಿಸಬಹುದು. ದಿನ, ಸ್ಥಳ, ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ತಲೆಯ ಮೇಲೆ ಹಕ್ಕಿಗಳು ಕೂಗುತ್ತ ಸುತ್ತತೊಡಗಿದರೆ ಗೂಡು ಹತ್ತಿರವಿದೆಯೆಂದು ತಿಳಿದು, ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಬೇಕು. ಜೊತೆಗಿರುವ ನಾಯಿಯನ್ನು ದಿಣ್ಣೆಗೆ ಬಿಡಬಾರದು. ಮಳೆಗಾಲದ ಮೊದಲಲ್ಲಿ ಬಾಲ ಗಿಡ್ಡವಾದ, ತಲೆಯ ಕಪ್ಪು ಇನ್ನೂ ತುಂಬದ ಎಳೆಯ ಹಕ್ಕಿಗಳು ಕಂಡವೆ ಎಂಬುದನ್ನು ವಿಶೇಷವಾಗಿ ಗುರುತಿಸಬೇಕು. ಆ ವರ್ಷ ಹೊಳೆಯಲ್ಲಿ ಮರಿಗಳು ಬದುಕಿದವೆಂಬುದಕ್ಕೆ ಅವೇ ಪ್ರಮಾಣ.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಸಕಲ ಜೀವಾತ್ಮರಿಗೆ ಲೇಸನ್ನು ಬಯಸಿದ ಶರಣರ ನಾಡು ಇದು. ಆ ನೀರಿನ ಮೇಲೆಯೂ ರೀವ ತನ್ನ ಕೊಕ್ಕನ್ನು ಬಾಗಿಸಿ ಹಾರುತ್ತದೆ. ಹೊಳೆ ಮನುಷ್ಯನಿಗೆ ಅನ್ನವನ್ನೂ ನೀರನ್ನೂ ಬೆಳಕನ್ನೂ ಕೊಟ್ಟಿದೆ. ಹಕ್ಕಿಯು ಅದರಿಂದ ಬೇಡುವುದು ಕೆಲವು ಮೀನುಗಳು ಮತ್ತು ವರ್ಷದಲ್ಲಿ ಎರಡು ಮೂರು ತಿಂಗಳ ಮಟ್ಟಿಗೆ ಒಂದಿಷ್ಟು ಮರಳು. ಅಷ್ಟನ್ನು ಅದಕ್ಕೆ ಬಿಟ್ಟುಕೊಡುವುದು ನೀರಿನ ಬಾಗಿಲುಗಳ ಕೀಲಿಯನ್ನು ಕೈಯಲ್ಲಿ ಹಿಡಿದವರ ಕರ್ತವ್ಯ.